ಜಯಮ್ಮ ಸೂಕ್ಷ್ಮದರ್ಶಕದಲ್ಲಿ ಕಂಡದ್ದು

ಆಗೆಲ್ಲ ನೆಲಮಂಗಲದ ಕಡೆ ಹೆಣ್ಣುಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತುವುದೇ ಅಪರೂಪ. ನಲವತ್ತರ ದಶಕದ ಆ ಮಳೆಗಾಲದಲ್ಲಿ ನಮ್ಮ ತರಗತಿಗೆ ಹುಡುಗಿಯರೆಂದರೆ ನಾನು, ನನ್ನ ಗೆಳತಿ ಜಯಮ್ಮ, ಇಬ್ಬರೇ. ಉಪ್ಪು ಹಚ್ಚಿದ ಸೀಬೆಕಾಯಿ ಕಡಿಯುತ್ತ, ಒದ್ದೆ ಲಂಗ ಹಿಂಡಿಕೊಳ್ಳುತ್ತ ನಡೆದು ಹೋಗುತ್ತಿದ್ದೆವು.

ಆ ವರ್ಷ ಶಾಲೆಗೊಂದು ಸೂಕ್ಷ್ಮದರ್ಶಕ ಬಂತು. ವಿಜ್ಞಾನದ ಮೇಷ್ಟ್ರು ಗಿಡದ ಅಂಗಾಂಶಗಳ ಪಾಠ ಮಾಡುತ್ತಿದ್ದರು. ಪ್ಯಾರಂಕೈಮ, ಕೋಲಂಕೈಮ, ಸ್ಕ್ಲೀರಂಕೈಮ ಮೂರರ ಚಿತ್ರವನ್ನೂ ಬೋರ್ಡಿನ ಮೇಲೆ ಬರೆದು, ಹುಡುಗರನ್ನು ಒಬ್ಬೊಬ್ಬರಾಗಿ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನಾವು ಎದ್ದಾಗ, "ನೀವು ಬೋರ್ಡ್ ನೋಡಿ ಬರ್ಕೊಳ್ಳಿ. ನಾಳೆ ಒಲೆ ಊದೋರಿಗೆ ಇದೆಲ್ಲ ಯಾಕಮ್ಮಾ?" ಎಂದರು. ಹುಡುಗರು ಗೊಳ್ಳೆಂದು ನಕ್ಕರು.

ನನಗೆ ಅಳು ಬಂತು. ಜಯಮ್ಮ ಅಳಲಿಲ್ಲ. ಮರುದಿನ ಹಿತ್ತಲಿನ ಕುಂಬಳಬಳ್ಳಿಯ ತುಂಡು, ಅವರಪ್ಪನ ಬ್ಲೇಡು ತಂದಳು. ಊಟದ ಬಿಡುವಿನಲ್ಲಿ ಬಳ್ಳಿಯನ್ನು ಈರುಳ್ಳಿ ಪೊರೆಯಷ್ಟು ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. ಕೋಣೆಯ ತುಂಬ ಹಸಿ ಬಳ್ಳಿಯ ವಾಸನೆ.

"ಬಾರೇ ಸಾವಿತ್ರಿ, ನೋಡೇ! ಒಳಗಿರೋ ಜೀವಕೋಶಕ್ಕೆಲ್ಲ ತೆಳ್ಳನೆ ಗೋಡೆ, ಮಧ್ಯೆ ಮಧ್ಯೆ ಸಂದು. ಸಿಪ್ಪೆ ಕೆಳಗಿರೋವಕ್ಕೆ ಮೂಲೆ ಮಾತ್ರ ದಪ್ಪ ಕಣೇ, ಅದಕ್ಕೇ ಬಳ್ಳಿ ಬಗ್ಗುತ್ತೆ, ಮುರಿಯಲ್ಲ. ಅದರಿಂದ ಒಳಗಡೆ ಒಂದು ಸುತ್ತು ಪೂರಾ ದಪ್ಪ, ಒಳಗೆ ಖಾಲಿ. ಅವು ಸತ್ತಿರೋವು."

ನಾನು ನೋಡಲು ಬಗ್ಗುವಷ್ಟರಲ್ಲಿ ಮೇಷ್ಟ್ರು ಒಳಗೆ ಬಂದರು.

"ಯಾರನ್ನ ಕೇಳಿ ಮುಟ್ಟಿದ್ರಿ?"

"ತಪ್ಪಾಯ್ತು ಸಾರ್," ಎಂದಳು ಜಯಮ್ಮ. "ಆದ್ರೆ ಕೋಲಂಕೈಮಾಗೂ ನೀವು ಸುತ್ತ ಗೋಡೆ ದಪ್ಪ ಬರ್ದಿದೀರ. ಮೂಲೇಲಿ ಮಾತ್ರ ಇರೋದು. ಬೇಕಾದ್ರೆ ನೋಡಿ."

ಅವರು ನೋಡಲಿಲ್ಲ. ಗಾಜನ್ನು ಎತ್ತಿ ಕಿಟಕಿಯಾಚೆ ಎಸೆದರು. ಸಂಜೆ ಅವಳ ಮನೆಗೇ ಹೋಗಿ ದೂರು ಹೇಳಿದರು. ಅವಳಪ್ಪ, "ಮೇಷ್ಟ್ರಿಗೇ ಎದುರು ಮಾತಾಡ್ತಾಳಾ? ಓದಿದ್ದು ಸಾಕು," ಅಂದರಂತೆ. ಕಾರ್ತಿಕದಲ್ಲಿ ತ್ಯಾಮಗೊಂಡ್ಲಿಗೆ ಮದುವೆ ಮಾಡಿ ಕಳಿಸಿಬಿಟ್ಟರು. ಮುಹೂರ್ತದ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರಿಗೆ ಅವಳ ಕೈಯಲ್ಲೇ ನಮಸ್ಕಾರ ಮಾಡಿಸಿದರು.

ನಾನು ಮಾತ್ರ ಬಿಡಲಿಲ್ಲ. ವಿಜ್ಞಾನದ ಪಾಠವಿದ್ದಾಗಲೆಲ್ಲ ಸೂಕ್ಷ್ಮದರ್ಶಕದ ಮುಂದೆ ಹುಡುಗರ ಸಾಲಿನ ಕೊನೆಗೆ ಹೋಗಿ ನಿಂತೆ. "ಕೂತ್ಕೋ," ಎಂದರು. ಕೂರಲಿಲ್ಲ. ಬೆತ್ತ ತೋರಿಸಿದರು. ಕೈ ಚಾಚಿದೆ, ಏಟು ತಿಂದೆ, ಮತ್ತೆ ನಿಂತೆ. ಕಡೆಗೊಂದು ದಿನ ಅವರೇ ಬೇಸತ್ತು ಪಕ್ಕಕ್ಕೆ ಸರಿದರು. ಕಣ್ಣು ಹಚ್ಚಿದೆ. ಜಯಮ್ಮ ಹೇಳಿದ ಹಾಗೆಯೇ ಇತ್ತು.

ಆ ಕಾಲದ ಮೇಷ್ಟ್ರುಗಳು ದೇವರಂಥವರು ಎಂದು ನನ್ನ ವಾರಿಗೆಯವರು ಹೇಳುವಾಗ ಈಗಲೂ ಮೈ ಉರಿಯುತ್ತದೆ. ಜಯಮ್ಮನಂಥ ಬುದ್ಧಿಯನ್ನು ಆ ಶಾಲೆ ಮತ್ತೆ ಕಂಡಿತೋ ಇಲ್ಲವೋ ಗೊತ್ತಿಲ್ಲ. ಜಯಮ್ಮ ತಪ್ಪು ಹೇಳಿದ್ದರೆ ಬೈದು ಬಿಡುತ್ತಿದ್ದರು. ಸರಿಯಾಗಿ ಹೇಳಿದಳು, ಅದನ್ನು ಯಾರೂ ಕ್ಷಮಿಸಲಿಲ್ಲ.