ಬೇವಿನ ಕೋಣೆಗೆ ಯಾರು ಹೋಗಬಹುದು

ನಾನು ಐದು ತಿಂಗಳ ಬಸುರಿ. ತಾಂಡವಪುರದ ಗಂಡನ ಮನೆಯಲ್ಲಿ ಮೈದುನನಿಗೆ ಅಮ್ಮ ಬಂತು. ಡಾಕ್ಟರುಗಳು ಚಿಕನ್‌ಪಾಕ್ಸ್ ಅನ್ನುವುದನ್ನು ನಮ್ಮ ಕಡೆ ಹಾಗೇ ಕರೆಯುವುದು. ಅತ್ತೆ ಅವನ ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಅಡುಗೆಮನೆಯಲ್ಲಿ ಒಗ್ಗರಣೆ ನಿಲ್ಲಿಸಿ, ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು. “ನಿಂಗೆ ಬಂದಿತ್ತಾ?”

ಒಮ್ಮೆ ಬಂದು ಹೋದವರೇ ಆ ಕೋಣೆಗೆ ಹೋಗಿ ಆರೈಕೆ ಮಾಡಬೇಕು ಎಂಬುದು ಅತ್ತೆಯ ಕಾನೂನು. ಅವರಿಗೆ ಬಂದು ಹೋಗಿತ್ತು, ಧೈರ್ಯವಾಗಿ ಓಡಾಡುತ್ತಿದ್ದರು. ನನಗೆ ನೆನಪಿರಲಿಲ್ಲ. ಟಿ. ನರಸೀಪುರದಲ್ಲಿದ್ದ ಅವ್ವನಿಗೆ ಫೋನು ಮಾಡಿದೆ.

“ಇಲ್ಲ ಕಣವ್ವ, ಬಂದೇ ಇಲ್ಲ. ಮೊದ್ಲು ಎದ್ದು ಇತ್ತಗೆ ಬಂದ್ಬುಡು.”

ಹಿಂದಿನ ದಿನವಷ್ಟೇ ಮೈದುನನ ಪಕ್ಕ ಕೂತು ಒಂದೇ ತಟ್ಟೆಯಲ್ಲಿ ಕಡ್ಲೆಪುರಿ ತಿಂದಿದ್ದೆ.

ದಾರಿಯಲ್ಲೇ ನಂಜನಗೂಡಿನ ಡಾಕ್ಟರಮ್ಮನ ಹತ್ತಿರ ಹೋದೆ. ಬಸುರಿಯರಿಗೆ ಇದು ಜೋರಾಗಿ ಬರಬಹುದು, ಮಗುವಿಗೂ ತೊಂದರೆ ಆಗುವುದುಂಟು ಎಂದರು. ರಕ್ತ ಪರೀಕ್ಷೆ ಮಾಡಿಸೋಣ, ಹಿಂದೆಂದೋ ಬಂದು ಹೋಗಿದ್ದರೆ ಮೈಯಲ್ಲಿ ಅದರ ಕಾವಲಿರುತ್ತದೆ, ಇಲ್ಲದಿದ್ದರೆ ಬೇಗ ಇಂಜೆಕ್ಷನ್ ಕೊಡಬೇಕು ಎಂದೂ ಹೇಳಿದರು.

ಭಯದಲ್ಲೂ ನನ್ನ ಕೆಟ್ಟ ಕುತೂಹಲ ಸುಮ್ಮನಿರಲಿಲ್ಲ. “ಎಂದೋ ಬಂದು ಹೋಗಿದ್ದು ರಕ್ತಕ್ಕೆ ಹೆಂಗೆ ಗೊತ್ತಾಗ್ತದೆ ಮೇಡಂ?”

ಅವರು ನನ್ನ ಕೈಬಳೆ ನೋಡಿ ನಕ್ಕರು. ಬಳೆಗಾರನ ಹತ್ತಿರ ಎಲ್ಲ ಅಳತೆಯ ಬಳೆಗಳೂ ಇರುತ್ತವಲ್ಲ, ಹಾಗೇ ನಮ್ಮ ಬಿಳಿ ರಕ್ತಕಣಗಳಲ್ಲಿ ಲೆಕ್ಕವಿಲ್ಲದಷ್ಟು ಬಗೆ, ಒಂದೊಂದಕ್ಕೂ ಒಂದೊಂದು ಅಳತೆಯಂತೆ. ಹೊಸ ರೋಗಾಣು ಬಂದಾಗ ಅದಕ್ಕೆ ಸರಿಹೊಂದುವ ಕಣ ಸಿಕ್ಕಬೇಕು, ಸಿಕ್ಕಿದ್ದು ಒಂದಕ್ಕೆ ಸಾವಿರವಾಗಿ ಬೆಳೆದು ಕಾದಾಡಬೇಕು. ಅಷ್ಟರಲ್ಲಿ ದಿನಗಳು ಕಳೆಯುತ್ತವೆ, ಜ್ವರ ಬರುತ್ತದೆ, ಗುಳ್ಳೆಗಳು ಏಳುತ್ತವೆ. ಗೆದ್ದ ಮೇಲೂ ಕೆಲವು ಕಣಗಳು ಆ ಅಳತೆ ಮರೆಯದೆ ಉಳಿದುಬಿಡುತ್ತವೆ. ಅದೇ ರೋಗಾಣು ಮತ್ತೆ ಬಂದರೆ ಹುಡುಕಾಟವೇ ಇಲ್ಲ. ಅತ್ತೆಯ ಕಾನೂನು ಎಲ್ಲಿಂದ ಬಂತೆಂದು ನನಗೆ ಆಗ ಹೊಳೆಯಿತು.

ರಕ್ತ ಕೊಟ್ಟು ಬಂದು ಎರಡು ದಿನ ಅವ್ವನ ಮನೆಯಲ್ಲಿ ಕಾದೆ. ಮಣಿಕಟ್ಟಿನ ನೀಲಿ ನರ ನೋಡುತ್ತಾ, ನಿನಗಾದರೂ ಗೊತ್ತಿದೆಯಾ ಎಂದು ಕೇಳುತ್ತಾ ಕೂತಿರುತ್ತಿದ್ದೆ.

ಮೂರನೆಯ ದಿನ ಡಾಕ್ಟರಮ್ಮನ ಫೋನು ಬಂತು. “ಹಳೇ ಕಾವಲು ಚೆನ್ನಾಗಿದೆ. ಲಸಿಕೆ ಹಾಕಿಸಿಕೊಂಡಿಲ್ಲ ಅಂದ್ರಿ. ಹಾಗಾದ್ರೆ ನಿಮಗೆ ಯಾವಾಗಲೋ ಬಂದು ಹೋಗಿದೆ. ಭಯ ಬೇಡ.”

ಅವ್ವ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಹೇಳಿದೆ. ಮೊರ ಕೆಳಗಿಟ್ಟಳು.

“ಬಂದಿತ್ತು ಕಣವ್ವ. ನಿಂಗಾಗ ನಾಕು ವರ್ಸ. ನಿಮ್ಮ ಚಿಕ್ಕಪ್ಪನ ಮದ್ವೆಗೆ ಒಂದು ವಾರ ಇತ್ತು. ಮನೇಲಿ ಅಮ್ಮ ಅಂದ್ರೆ ಮದ್ವೆ ನಿಂತೋಗ್ತಿತ್ತು. ನಿನ್ನ ತಗಡೂರಲ್ಲಿ ನಮ್ಮವ್ವನ ತಾವ ಬಿಟ್ಬುಟ್ಟು, ಮಗೀಗೆ ಗಂಟ್ಲುನೋವು ಅಂದೆ.”

“ಮತ್ತೆ ಮೊನ್ನೆ ಯಾಕೆ ಇಲ್ಲ ಅಂದೆ?” ನಾನು ಕೂಗಿಯೇಬಿಟ್ಟೆ. ಅಷ್ಟು ಸಿಟ್ಟು ಬಂದಿತ್ತು.

“ಇಷ್ಟು ವರ್ಸ ಇಲ್ಲ ಇಲ್ಲ ಅಂದೂ ಅಂದೂ ಬಾಯಿಗೆ ಅದೇ ಬಂತು. ಇಲ್ಲ ಅಂದ್ರೆ ನಿನ್ನ ಆ ಮನೆಯಿಂದ ಆಚೆಗೆ ಕಳಿಸ್ತಾರೆ, ಅದೇ ವಾಸಿ ಅಂದ್ಕಂಡೆ.” ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ಅಲ್ಲಿ ನೀನು ಕೆರ್ಕಂಡು ಅಳ್ತಿದ್ರೆ, ಇಲ್ಲಿ ನಾನು ಆರತಿ ತಟ್ಟೆ ಇಡ್ಕಂಡು ನಗ್ತಾ ನಿಂತಿದ್ದೆ.”

ಎದ್ದು ನನ್ನ ಹಿಂದೆ ಬಂದಳು. ಕೂದಲು ಸರಿಸಿ, ಹುಡುಕದೆ ತಡಕದೆ, ಎಡಗಿವಿಯ ಮೇಲ್ಗಡೆ ಕೂದಲ ಬುಡದಲ್ಲಿ ನೇರವಾಗಿ ಬೆರಳಿಟ್ಟಳು. “ಇಲ್ಲೊಂದು ಕಲೆ ಉಳ್ಕಂಡದೆ.”

ಮುಟ್ಟಿ ನೋಡಿಕೊಂಡೆ. ಸಾಸಿವೆಯಷ್ಟು ಗುಳಿ.

ಮದುವೆಯಾಗುವವರೆಗೂ ಪ್ರತಿ ಭಾನುವಾರ ನನ್ನ ತಲೆಗೆ ಎಣ್ಣೆ ಹಚ್ಚಿದ ಬೆರಳು ಅದು. ಅಲ್ಲಿಗೆ ಬಂದಾಗಲೆಲ್ಲ ಒಂದು ಗಳಿಗೆ ನಿಲ್ಲುತ್ತಿತ್ತು. ಕಂಡದ್ದಕ್ಕೆಲ್ಲ ಯಾಕೆ ಎನ್ನುವ ನಾನು ಅದೊಂದನ್ನು ಯಾವತ್ತೂ ಕೇಳಿರಲಿಲ್ಲ.