ಯಜಮಾನರಿಗೂ ಹತ್ತು ದಿನ

ವಿಜಯನಗರದ ರೇವಣಸಿದ್ದಪ್ಪನವರ ಕಲ್ಯಾಣ ಮಂಟಪದಲ್ಲಿ ಆಷಾಢ ಬಂತು ಅಂದರೆ ಒಲೆ ಹಚ್ಚೋರೇ ಇರಲ್ಲ. ಆ ಒಂದು ತಿಂಗಳು ಕೆಳಗಿನ ಊಟದ ಹಾಲ್ ಪೂರ್ತಿ ವೆಂಕಟಸ್ವಾಮಿ ಮೇಷ್ಟ್ರದು. ಪೊಲೀಸರ ಬಂದೂಕು ರಿಪೇರಿ ಮಾಡಿ ಮಾಡಿ ರಿಟೈರಾದ ಮನುಷ್ಯ. ಟೇಬಲ್ಲುಗಳನ್ನೆಲ್ಲ ಮೂಲೆಗೆ ತಳ್ಳಿ, ಆ ತುದಿ ಗೋಡೆಗೆ ದಪ್ಪ ಹಲಗೆ ಹೊಡೆದು, ಅತ್ತಿಗುಪ್ಪೆ, ಕಾಮಾಕ್ಷಿಪಾಳ್ಯದ ಮಕ್ಕಳಿಗೆ ಏರ್ ರೈಫಲ್ ಹೇಳಿಕೊಡೋರು.

ಮೇಷ್ಟ್ರ ಕಾನೂನು ಒಂದೇ. ರೈಫಲ್ಲಿನ ಬಾಯಿ ಯಾವಾಗಲೂ ಗೋಡೆ ಕಡೆ. ತಿರುಗಿಸಿದರೋ, ಹತ್ತು ದಿನ ರೈಫಲ್ ಮುಟ್ಟೋ ಹಾಗಿಲ್ಲ. ಒಂದು ಕೋಲು ಹಿಡಿದು ಗೋಡೆ ನೋಡಿಕೊಂಡು ನಿಲ್ಲಬೇಕು. ಹನ್ನೆರಡು ವರ್ಷದ ಅನಘಾ ಹೋದ ಆಷಾಢದಲ್ಲಿ ಹಾಗೆ ನಿಂತಿದ್ದಳು. "ಸೀನು ಬಂತು ಸಾರ್" ಅಂದಿದ್ದಕ್ಕೆ, "ಗೋಡೆ ಕಡೆಗೇ ಸೀನು ಕಣಮ್ಮ" ಅಂದಿದ್ದರು.

ಕೆಲಸವಿಲ್ಲದೆ ಕೂತಿದ್ದ ರೇವಣಸಿದ್ದಪ್ಪನವರಿಗೂ ಈ ಆಷಾಢ ಕೈ ಕೆರೆಯಿತು. ಸೇರಿಕೊಂಡರು. ಇನ್ನೂ ಗುಂಡು ಮುಟ್ಟಿಲ್ಲ, ಮೂರನೇ ದಿನಕ್ಕೇ ಮೊಳದುದ್ದದ ದುರ್ಬೀನು ತಂದುಬಿಟ್ಟರು.

"ನೋಡಿ ಮೇಷ್ಟ್ರೇ, ಇದ್ರಲ್ಲಿ ಮಾಗಡಿ ರೋಡಲ್ಲಿ ಹೋಗೋ ಬಸ್ಸಿನ ನಂಬರ್ ಕಾಣುತ್ತೆ!"

"ನಮ್ಮ ಗುರಿ ಇರೋದು ಹತ್ತು ಮೀಟರ್ ದೂರದಲ್ಲಿ ಸಾರ್. ಬಸ್ ಹತ್ತಿ ಹೋಗೋಷ್ಟಿಲ್ಲ."

ಆದರೂ ರೈಫಲ್ ಮೇಲೆ ಕೂರಿಸಿಕೊಟ್ಟರು. ರೇವಣಸಿದ್ದಪ್ಪನವರು ಕಣ್ಣಿಟ್ಟರೆ ಗುರಿಯೆಲ್ಲ ಮಂಜು ಮಂಜು. ಜೊತೆಗೆ ಕುಣೀತಾ ಇದೆ.

"ಏನ್ರೀ ಇದು, ಗೋಡೆ ಅಲ್ಲಾಡ್ತಾ ಇದೆ? ಮೆಟ್ರೋ ಬಂತಾ?"

"ಮೆಟ್ರೋ ಅಲ್ಲ ಸಾರ್, ನಿಮ್ಮ ಕೈ. ಅದು ದೂರದ ಗುರಿಗೆ ಮಾಡಿರೋ ಗಾಜು, ಇಷ್ಟು ಹತ್ತಿರಕ್ಕೆ ಮಂಜಾಗುತ್ತೆ. ಕೈ ನಡುಕಾನೂ ದೊಡ್ಡದು ಮಾಡಿ ತೋರಿಸುತ್ತೆ. ಹೊಸಬರು ಅದನ್ನ ನೋಡಿ ಹೆದರಿಬಿಡ್ತಾರೆ. ನಮ್ಮ ಸ್ಪರ್ಧೇಲಿ ದುರ್ಬೀನು ಬಿಡೋದೂ ಇಲ್ಲ. ಗುರಿ ನೋಡೋಕೆ ರೈಫಲ್ ಮೇಲಿರೋ ಈ ಪುಟ್ಟ ತೂತೇ ಸಾಕು."

ಯಜಮಾನರು ಮುಖ ಊದಿಸಿಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಬೀಗರು, ಚನ್ನವೀರೇಶ್ ದಂಪತಿಗಳು. ಮಗಳನ್ನು ಕೊಟ್ಟ ಮನೆಯವರು ಅಂದರೆ ಸುಮ್ಮನೆಯೇ?

"ಬನ್ನಿ ಬೀಗರೇ!" ಅಂತ ರೇವಣಸಿದ್ದಪ್ಪನವರು ತಿರುಗಿದರು. ಕೈಯಲ್ಲಿದ್ದ ರೈಫಲ್ಲೂ ತಿರುಗಿತು. ಮಕ್ಕಳೆಲ್ಲ ತೊಪ್ಪನೆ ನೆಲಕ್ಕೆ ಕೂತರು. ಬೀಗಿತ್ತಿ ಸಾರಿನ ಕೊಪ್ಪರಿಗೆ ಹಿಂದೆ ಅಡಗಿದರು. ವೆಂಕಟಸ್ವಾಮಿ ಒಂದೇ ನೆಗೆತಕ್ಕೆ ಬಂದು ನಳಿಗೆಯನ್ನು ಗೋಡೆ ಕಡೆ ತಳ್ಳಿ, ರೈಫಲ್ ಕಿತ್ತುಕೊಂಡರು.

"ಖಾಲಿ ಇತ್ತಲ್ರೀ!"

"ಖಾಲಿ ಅಂದ್ಕೊಂಡೇ ಎಲ್ಲರೂ ತಿರುಗಿಸೋದು ಸಾರ್."

ನೆಲದಿಂದ ಅನಘಾ ಕೈ ಎತ್ತಿದಳು. "ಸಾರ್, ಅಂಕಲ್‌ಗೂ ಹತ್ತು ದಿನ ಅಲ್ವಾ?"

ವೆಂಕಟಸ್ವಾಮಿ ಗೋಡೆಗೆ ಬಾಯಿ ಮಾಡಿ ರೈಫಲ್ ಕೆಳಗಿಟ್ಟರು. ಇಲ್ಲ ಅಂದರೆ ನಾಳೆಯಿಂದ ಒಂದು ಮಗುವೂ ಮಾತು ಕೇಳಲ್ಲ. ಹೌದು ಅಂದರೆ ಹಾಲ್ ಹೋಯಿತು.

"ಹೌದಮ್ಮ. ಹತ್ತು ದಿನ."

ಬೀಗರ ಮುಂದೆ! ರೇವಣಸಿದ್ದಪ್ಪನವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

"ಮಂಟಪದ ಯಜಮಾನರಿಗೇ ಶಿಕ್ಷೆ ಕೊಟ್ಟು ಬಂದಿದೀರಲ್ಲ, ಇನ್ನು ನಮ್ಮ ಅಡುಗೆಮನೇಲಿ ಹೇಳ್ಕೊಡಿ, ಮಕ್ಕಳು ಈರುಳ್ಳಿ ಬುಟ್ಟಿಗೆ ಗುರಿ ಇಡಲಿ" ಅಂತ ರಾತ್ರಿ ಮನೆಯಲ್ಲಿ ವೆಂಕಟಸ್ವಾಮಿಯವರ ಹೆಂಡತಿ ಶಶಿಕಲಾ ತಟ್ಟೆ ಕುಕ್ಕಿದಳು. ಮಾರನೇ ದಿನ ಮೇಷ್ಟ್ರು ಉಲ್ಲಾಳದವರೆಗೂ ಹೋಗಿ ಒಂದು ಶೆಡ್ ನೋಡಿ ಬಂದರು. ಅಳೆದರೆ ಆರೇ ಮೀಟರ್. ಬಾಗಿಲು ತೆಗೆದು ರಸ್ತೆಯಲ್ಲಿ ನಿಂತು ಹೊಡೆಯಬೇಕಷ್ಟೆ!

ಶಿಕ್ಷೆಯ ನಾಲ್ಕನೇ ದಿನ ರೇವಣಸಿದ್ದಪ್ಪನವರ ಹೆಂಡತಿ ಬಸವರಾಜೇಶ್ವರಿ ಬಂದರು. ಬೀಗದ ಕೈ ಕೇಳೋಕೇ ಬಂದರು ಅಂತ ವೆಂಕಟಸ್ವಾಮಿ ಜೇಬಿಗೆ ಕೈ ಹಾಕಿದರು.

"ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತೇ ಕರೆಸಿ ಅವ್ರಿಗೊಂದು ಗುಂಡು ಕೊಟ್ಟುಬಿಡಿ."

"ಯಾಕಮ್ಮಾ?"

"ಬೆಳಗಾಗೆದ್ದು ಪರದೆ ಕಂಬಿ ಕಿತ್ಕೊಂಡು ಗೋಡೆ ನೋಡ್ತಾ ನಿಂತಿರ್ತಾರೆ. ಕಸ ಗುಡಿಸೋಳು ಮುಂದೆ ಹಾದು ಹೋದ್ರೆ 'ಬಾಯಿ ಮುಂದೆ ಬರಬೇಡ' ಅಂತ ಕಿರಚ್ತಾರೆ. ಕುಕ್ಕರ್ ಕೂಗಿದ್ರೆ ಗುರಿ ತಪ್ಪುತ್ತಂತೆ. ಮಿಕ್ಸಿ ಹಾಕೋ ಹಾಗೇ ಇಲ್ಲ. ನಾಲ್ಕು ದಿನದಿಂದ ಬರೀ ಉಪ್ಪಿನಕಾಯಿ ನೆಂಚ್ಕೊಂಡು ತಿಂತಾ ಇದೀವಿ!"

"ಮತ್ತೆ… ಹಾಲ್ ವಿಷಯ ಏನಾದ್ರೂ ಅಂದ್ರಾ?"

"ಬೀಗರು ಅವರ ಶಾಮಿಯಾನ ಸಾಮಾನು ಇಡೋಕೆ ಕೇಳಿದ್ರು. ಇವ್ರು ಕ್ಲಾಸ್ ನಡೀತಾ ಇದೆ, ಜಾಗ ಇಲ್ಲ ಅಂದುಬಿಟ್ರು."

ವೆಂಕಟಸ್ವಾಮಿಗೆ ಹೋದ ಉಸಿರು ಬಂದಂತಾಯಿತು. ಆ ಸಂತೋಷದಲ್ಲಿ 'ಆಗಲಿ ತಾಯಿ, ಇವತ್ತೇ ಬರಲಿ' ಅನ್ನೋ ಮಾತು ನಾಲಿಗೆ ತುದಿಗೇ ಬಂದಿತ್ತು. ಅನಘಾ ಗುರಿ ಬಿಟ್ಟು ಇವರನ್ನೇ ನೋಡುತ್ತಿದ್ದಳು.

"ಇನ್ನೂ ಆರು ದಿನ ಇದೆ ತಾಯಿ."

ಬಸವರಾಜೇಶ್ವರಿ ಸೊಂಟದ ಮೇಲೆ ಕೈಯಿಟ್ಟು ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದರು. "ಸರಿ ಹಾಗಾದ್ರೆ" ಅಂದು ಹೊರಟರು.

ಮಾರನೇ ಬೆಳಿಗ್ಗೆ ಮಕ್ಕಳು ಉಸಿರು ಬಿಗಿಹಿಡಿದು ಗುರಿಯಿಟ್ಟಿದ್ದರು. ಹಾಲ್ ಪಕ್ಕದಲ್ಲೇ ಇದ್ದ ಮಂಟಪದ ಅಡುಗೆಮನೆಯಲ್ಲಿ ಬಸವರಾಜೇಶ್ವರಿಯವರ ಮಿಕ್ಸಿ ಗುರ್ರ್ ಅಂದಿತು. ಮನೆಯಲ್ಲಿ ಅರೆಯೋಕಾಗದ ಚಟ್ನಿ ಆರು ದಿನವೂ ಅಲ್ಲೇ. ವೆಂಕಟಸ್ವಾಮಿ ಮಕ್ಕಳಿಗೆಲ್ಲ ಕಿವಿಗಿಟ್ಟುಕೊಳ್ಳೋಕೆ ಹತ್ತಿ ಹಂಚಿದರು.