ಸೋಪು ಹಾಕಿ ತೊಳೆದ ಬಾಟಲಿ

ಟೈಫಾಯ್ಡ್ ಬಿಟ್ಟ ಮೇಲೂ ಅಕ್ಕನ ನಾಲಿಗೆಗೆ ರುಚಿ ಬರಲಿಲ್ಲ. ಇಡ್ಲಿ ಕೊಟ್ಟರೂ ಮಣ್ಣು, ಮುದ್ದೆ ಕೊಟ್ಟರೂ ಮಣ್ಣು ಎನ್ನುತ್ತಿದ್ದಳು. ಎರಡು ತುತ್ತಿಗೇ ತಟ್ಟೆ ಸರಿಸುವಳು. ಏನು ಬೇಕಾದರೂ ತಿನ್ನಬಹುದು, ಆದರೆ ತಿನ್ನಲೇಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕೈಬಳೆಗಳು ಸಡಿಲವಾಗಿ ಮೊಣಕೈವರೆಗೆ ಜಾರುತ್ತಿದ್ದವು. ನಾನು ಹುಣಸೂರಿನಿಂದ ಅವಳ ಹಳ್ಳಿಗೆ ಹೋದ ದಿನ, ತಿನ್ನುವಂಥದ್ದು ಒಂದನ್ನಾದರೂ ಹೇಳು ಎಂದು ಪಟ್ಟು ಹಿಡಿದು ಕೂತೆ.

"ಕೊರವನ ಮೀನ್ ಸಾರು," ಎಂದಳು ಕಡೆಗೆ. "ಅಳ್ಳದ್ದು ಕಣ್ಲಾ. ಸಾಕಿದ್ದು ಬ್ಯಾಡ."

ಅಷ್ಟು ಸಾಕಾಗಿತ್ತು. ಕೆ.ಆರ್. ನಗರದ ಮೀನಂಗಡಿಗಳನ್ನೆಲ್ಲ ಸುತ್ತಿದೆ. ಕಾಟ್ಲಾ ಇತ್ತು, ರೋಹು ಇತ್ತು, ಕೊರವ ಇರಲಿಲ್ಲ. ಹಾಗಾದರೆ ನಾನೇ ಹಿಡಿಯುವುದು ಎಂದು ತೀರ್ಮಾನಿಸಿ ಅಕ್ಕನ ಮನೆಯಲ್ಲೇ ಉಳಿದೆ.

ನಾನು ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು. ಕೆಲಸ ಎಂದ ಮೇಲೆ ಅದಕ್ಕೊಂದು ಕ್ರಮ ಬೇಕು. ಕೊರವ ಹಿಟ್ಟಿನ ಉಂಡೆಗೆ ಬಾಯಿ ಹಾಕುವ ಮೀನಲ್ಲ. ಗಾಳಕ್ಕೆ ಜೀವವಿರುವ ಸಸಲು ಮೀನು ಚುಚ್ಚಬೇಕು. ಆದ್ದರಿಂದ ಮೊದಲು ಬೆರಳುದ್ದದ ಸಸಲು, ಆಮೇಲೆ ಕೊರವ. ಮೀನು ನುಗ್ಗಿದರೆ ಹೊರಬರಲಾಗದಂತೆ ಹೆಣೆದ ಬಿದಿರಿನ ಕೂಳಿ ಮನೆಯಲ್ಲಿತ್ತು, ಆದರೆ ಹುಳ ತಿಂದು ಪುಡಿಯಾಗಿತ್ತು. ಎರಡು ಲೀಟರಿನ ಜ್ಯೂಸ್ ಬಾಟಲಿಯ ಕತ್ತು ಕೊಯ್ದು, ಅದನ್ನೇ ತಿರುಗಿಸಿ ಒಳಗೆ ಸಿಕ್ಕಿಸಿದೆ. ಕಾದ ಮೊಳೆಯಿಂದ ತೂತು ಹಾಕಿದೆ. ಒಳಗೆ ತವುಡು, ಕಡಲೆಕಾಯಿ ಹಿಂಡಿ. ಗದ್ದೆಯ ನೀರು ಹಳ್ಳಕ್ಕೆ ಇಳಿಯುವ ಕಾಲುವೆಯಲ್ಲಿ, ಬೆಳಿಗ್ಗೆ ಆರಕ್ಕೆ ಇಟ್ಟು ಎಂಟಕ್ಕೆ ತೆಗೆಯುವುದು; ತಂದು ಚೆನ್ನಾಗಿ ತೊಳೆದು, ಒರೆಸಿ, ಜಗಲಿಯ ಮೇಲೆ ಬೋರಲು ಹಾಕುವುದು.

ಮೂರು ದಿನ ಒಂದು ನಿಮಿಷವೂ ತಪ್ಪಲಿಲ್ಲ. ಮೂರು ದಿನಕ್ಕೆ ಸಿಕ್ಕಿದ್ದು ಒಂದು ಏಡಿಮರಿ.

ಅಕ್ಕನ ಸೊಸೆಗೆ ನಗು ತಡೆಯಲಾಗಲಿಲ್ಲ. "ಮಾವ, ಮೀನ್ಗೊಳ್ಗೆ ಬೆಲ್ ಹೊಡೀರಿ. ಸಾಲಾಗಿ ಬತ್ತವೆ."

ಬೆಲ್ಲಿನ ಮಾತು ಕೇಳಿ ಮಲಗಿದ್ದ ಅಕ್ಕ ಕತ್ತೆತ್ತಿದಳು. "ಆ ಬಾಟ್ಲಿ ತಕ್ಕಬಾ ಇಲ್ಲಿ," ಎಂದಳು. ಕೊಟ್ಟೆ. ಮೂಗಿಗೆ ಹಿಡಿದು ಒಮ್ಮೆ ಮೂಸಿ, ನನ್ನ ಮುಖ ನೋಡಿದಳು.

"ಏನಾಕಿ ತೊಳುದ್ಯಲಾ?"

"ಪಾತ್ರೆ ಸೋಪು. ಗಲೀಜಾಗಿರ್ತದಲ್ಲ ಅಕ್ಕ."

"ಅಯ್ಯೋ ನಿನ್ನ! ಇದೇನು ಇಸ್ಕೂಲ್ ಲೋಟವಾ? ಮೂಸಿದ್ರೆ ನಂಗೇ ಓಡೋಗಂಗಾಯ್ತದೆ, ಇನ್ನು ಸಸ್ಲು ಬತ್ತದಾ? ಬಾಯಿ ಯಾವ ಕಡೀಕೆ ಮಾಡಿ ಇಕ್ದೆ?"

"ನೀರು ಬರೋ ಕಡೆಗೆ."

"ಮೀನು ನೀರ್ಗೆ ಎದುರಾಗಿ ಹತ್ತದೆ ಕಣೋ ಮೇಷ್ಟ್ರೇ. ತಿರುಗ್ಸಿ ಇಕ್ಕು. ಕಾಲ್ವೆ ಕೆಸರಾಕಿ ಉಜ್ಜು, ಒಳ್ಗೂ ಹೊರ್ಗೂ."

ಚಿಕ್ಕವಳಿದ್ದಾಗ ನಮ್ಮೂರ ಗದ್ದೆಬಯಲಿನಲ್ಲಿ ಕೂಳಿ ಇಡುತ್ತಿದ್ದವಳು ಅವಳು. ನಾನು ದಡದಲ್ಲಿ ಚಪ್ಪಲಿ ಕಾಯುತ್ತಿದ್ದವನು. ಹೊಳೆಯುವ ಬಾಟಲಿಗೆ ಕೆಸರು ಮೆತ್ತುವಾಗ ಕೈ ಒಪ್ಪಲಿಲ್ಲ, ಆದರೂ ಮೆತ್ತಿದೆ.

ಮಾರನೆಯ ದಿನ ಎಂಟಕ್ಕೆ ಬಾಟಲಿಗೆ ಕಟ್ಟಿದ್ದ ಹಗ್ಗ ಎಳೆದಾಗ ಬಾಟಲಿ ಕೈಯಲ್ಲಿ ಅದುರುತ್ತಿತ್ತು. ಒಳಗೆ ಬೆಳ್ಳಗೆ ಮಿರಿ ಮಿರಿ ಮಿಂಚುವ ಸಸಲು, ಒಂದರ ಮೇಲೊಂದು. ಬಕೆಟ್ಟಿಗೆ ಸುರಿದು ತಂದು ಅಕ್ಕನ ಮಂಚದ ಪಕ್ಕ ಇಟ್ಟೆ. ಅವಳು ಎದ್ದು ಕೂತು ನೀರಿಗೆ ಕೈ ಇಳಿಸಿದಳು.

"ಇದ್ನೇ ಹುರುದ್ ಹಾಕ್ಸು."

"ಇದು ಗಾಳಕ್ಕೆ ಅಕ್ಕ. ಇವತ್ತು ಸಂಜೆ ಕೊರವಕ್ಕೆ..."

"ಕೊರವ ಬರೋಗಂಟ ನಾ ಉಪಾಸ ಇರ್ಲಾ? ನಿನ್ನ ಟೈಮ್‌ಟೇಬಲ್ ಮಡುಗು ಅತ್ಲಾಗೆ."

ಮೊದಲು ಸಸಲು, ಆಮೇಲೆ ಕೊರವ: ನಾನು ಹಾಕಿಕೊಂಡ ಕ್ರಮವನ್ನು ಮುರಿಯುವುದು ನನಗೆ ಕಷ್ಟ. ಆದರೆ ಅವಳು ತಾನಾಗಿ ಊಟ ಕೇಳಿ ಎಷ್ಟು ದಿನವಾಗಿತ್ತು! ದೊಡ್ಡ ಸಸಲು ಆರನ್ನು ಗಾಳಕ್ಕೆಂದು ಎತ್ತಿಟ್ಟು ಉಳಿದದ್ದನ್ನು ಸೊಸೆಗೆ ಕೊಟ್ಟೆ. ಅವಳು ಬೂದಿ ಹಾಕಿ ಕಲ್ಲಿಗೆ ಉಜ್ಜಿ, ಅರಿಸಿನ, ಖಾರದಪುಡಿ ಸವರಿ ಕಾವಲಿಯ ಮೇಲೆ ಹುರಿದಳು.

ಅಕ್ಕ ಒಂದು ಮೀನನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ನಾವಿಬ್ಬರೂ ಅವಳ ಬಾಯನ್ನೇ ನೋಡುತ್ತಾ ನಿಂತಿದ್ದೆವು, ಈಗ ಮಣ್ಣು ಎನ್ನುತ್ತಾಳೆ ಎಂದು.

"ಉಪ್ಪು ಕಮ್ಮಿ ಕಣವ್ವ," ಎಂದಳು ಸೊಸೆಗೆ.

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೇ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದೆ. ಅಕ್ಕ ಚಿಟಿಕೆ ಉದುರಿಸಿಕೊಂಡು, ಮುದ್ದೆ ಮುರಿದು, ಇನ್ನೊಂದು ಮೀನಿಗೆ ಕೈ ಹಾಕಿದಳು.

ಕೊರವದ ಕೆಲಸ ಹಾಗೆಯೇ ಇತ್ತು. ಆರು ಸಸಲಿಗೆ ಹೊಸ ನೀರು ಹಾಕಲು ಬಕೆಟ್ಟು ತೊಳೆದೆ, ಬರೀ ನೀರಿನಲ್ಲಿ.